ಎಸಿ ಇದೆ, ತಂಪೂ ಇದೆ, ಆದರೂ ಸಂಜೆ ಹೊತ್ತಿಗೆ ಇಡೀ ಆಫೀಸಿಗೆ ತಲೆನೋವು. ಯಾಕಿರಬಹುದು?

ಲೆಕ್ಕದಮೇಜು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಒಂದು ಪತ್ತಿನ ಸಹಕಾರಿ ಸಂಘದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸಂಘದ ಹೆಸರು ಬೇಡ. ಹೋದ ವರ್ಷ ನಮ್ಮ ವಿಭಾಗವನ್ನು ಕೆಳಗಿನ ಹಳೇ ಹಾಲ್‌ನಿಂದ ಮೇಲಿನ ಮಹಡಿಗೆ ಸಾಗಿಸಿದರು. ಕೆಳಗೆ ಫ್ಯಾನ್ ಗಾಳಿ, ಧೂಳು, ಗಿರಾಕಿಗಳ ಗದ್ದಲ ಎಲ್ಲ ಇತ್ತು. ಮೇಲೆ ಎರಡು ಸ್ಪ್ಲಿಟ್ ಎಸಿ, ಹೊಸ ಪ್ಲೈವುಡ್ ಪಾರ್ಟಿಷನ್, ಹೊಸ ಬಣ್ಣ. ನೋಡೋಕೆ ಬಹಳ ಚೆಂದ. ಆದರೆ ಮೇಲೆ ಬಂದಾಗಿನಿಂದ ನಮಗೆ ಮೈ ಹಗುರ ಅನ್ನಿಸಿದ್ದೇ ಇಲ್ಲ.

ಬೆಳಿಗ್ಗೆ ಹತ್ತಕ್ಕೆ ಬಂದಾಗ ಎಲ್ಲರೂ ಚೆನ್ನಾಗಿಯೇ ಇರುತ್ತೇವೆ. ಹನ್ನೆರಡರ ಹೊತ್ತಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಆಕಳಿಕೆ. ಊಟ ಆದಮೇಲಂತೂ ಕಣ್ಣು ಉರಿ, ಗಂಟಲು ಒಣಗುವುದು, ಹಣೆಯ ಎರಡೂ ಪಕ್ಕ ಹಿಡಿದುಕೊಂಡ ಹಾಗೆ ನೋವು. ಈಗ ಮಾರ್ಚ್ ಎಂಡ್ ಲೆಕ್ಕ ನಡೆಯುತ್ತಿದೆ. ಬೆಳಿಗ್ಗೆ ಒಂದೇ ಏಟಿಗೆ ತಾಳೆಯಾಗುವ ಪುಟವನ್ನು ಮಧ್ಯಾಹ್ನ ಮೂರರ ಮೇಲೆ ಎರಡೆರಡು ಸಲ ಕೂಡಬೇಕಾಗುತ್ತದೆ. ನನ್ನ ಪಕ್ಕದವರು ಡ್ರಾಯರ್‌ನಲ್ಲಿ ತಲೆನೋವಿನ ಮಾತ್ರೆಯ ಪಟ್ಟಿ ಇಟ್ಟುಕೊಂಡಿದ್ದಾರೆ, ಕೇಳಿದವರಿಗೆಲ್ಲ ಕೊಡುತ್ತಾರೆ. ಇದು ನನಗೆ ನಿಜವಾಗಿಯೂ ಚಿಂತೆಯಾಗಿದೆ. ದಿನಾ ಮಾತ್ರೆ ನುಂಗಿ ಕೆಲಸ ಮಾಡುವುದು ಒಳ್ಳೆಯದಲ್ಲ ಅಲ್ವಾ?

ಕಣ್ಣಿನ ಡಾಕ್ಟರ್ ಹತ್ತಿರ ಹೋದೆ, ಕನ್ನಡಕದ ನಂಬರ್ ಬದಲಾಗಿಲ್ಲ ಎಂದರು. ಬಿಪಿ ಸರಿ ಇದೆ, ರಕ್ತ ಪರೀಕ್ಷೆಯೂ ಸರಿ ಇದೆ. ವಿಚಿತ್ರ ಅಂದ್ರೆ ಸಂಜೆ ಆರಕ್ಕೆ ಹೊರಗೆ ಬಂದು ಬಸ್ ಸ್ಟಾಪ್ ತನಕ ನಡೆಯುವಷ್ಟರಲ್ಲಿ ತಲೆ ಹಗುರಾಗಿರುತ್ತದೆ. ಭಾನುವಾರ ಏನೂ ಇಲ್ಲ.

ಹಾಲ್ ಸುಮಾರು 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. 14 ಜನ ಕೂರುತ್ತೇವೆ. ಮೇಲೆ ಬರೀ ಸ್ಲ್ಯಾಬ್, ಅದರ ಮೇಲೆ ಬಿಸಿಲು. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿಗಳಿವೆ. ರಸ್ತೆಯ ಧೂಳು ಬರುತ್ತದೆ, ಎಸಿ ತಂಪು ಹೋಗುತ್ತದೆ ಎಂದು ಅವನ್ನು ಸಿಲಿಕಾನ್ ಹಾಕಿ ಮುಚ್ಚಿಬಿಟ್ಟಿದ್ದಾರೆ. ಉತ್ತರಕ್ಕೆ ಎರಡು ಸಣ್ಣ ಕಿಟಕಿ ಇವೆ, ಅವು ತೆರೆಯುತ್ತವೆ, ಆದರೆ ಯಾರೂ ತೆರೆಯಲ್ಲ. ಬಾಗಿಲು ತಾನಾಗೇ ಮುಚ್ಚಿಕೊಳ್ಳುವಂಥದ್ದು. ಪ್ರಿಂಟರ್ ನನ್ನ ಕುರ್ಚಿಯ ಹಿಂದೆಯೇ ಇದೆ.

ಇನ್ನೊಂದು ರಗಳೆ ಎಸಿ ರಿಮೋಟಿನದು. ಪಶ್ಚಿಮದ ಗಾಜಿನ ಹತ್ತಿರ ಕೂರುವವರು 18ಕ್ಕೆ ಇಳಿಸುತ್ತಾರೆ. ಎಸಿಯ ನೇರ ಕೆಳಗೆ ಕೂರುವ ನಾವು ಮೂವರು ಹೊರಗೆ ಸುಡುಬಿಸಿಲು ಇರುವಾಗ ಶಾಲು ಹೊದ್ದು ಕೂರುತ್ತೇವೆ. ಇದೇ ಕಾರಣಕ್ಕೆ ಮಾತು ಬಿಟ್ಟವರೂ ಇದ್ದಾರೆ.

ಮೇಲಿನವರಿಗೆ ಹೇಳಿದರೆ "ನೀರು ಜಾಸ್ತಿ ಕುಡೀರಿ, ರಾತ್ರಿ ಮೊಬೈಲ್ ನೋಡೋದು ಬಿಡಿ" ಎನ್ನುತ್ತಾರೆ. ಗಾಳಿ ಶುದ್ಧ ಆಗಲಿ ಎಂದು ನಾಲ್ಕು ಮನಿ ಪ್ಲಾಂಟ್ ಕುಂಡ ತಂದಿಟ್ಟಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದು, ಆದರೆ ತಲೆನೋವು ಹಾಗೇ ಇದೆ. ಇದು ನಮ್ಮ ಮೈಯ ತೊಂದರೆಯಾ, ಕೋಣೆಯ ತೊಂದರೆಯಾ? ಕೋಣೆಯದ್ದೇ ಆದರೆ ಅದನ್ನು ತೋರಿಸಿಕೊಡುವುದು ಹೇಗೆ? ತುಂಬಾ ಖರ್ಚಿಲ್ಲದೆ ಏನು ಮಾಡಿಸಬಹುದು? ತಿಳಿದವರು ದಯವಿಟ್ಟು ಹೇಳಿ.


ನವನಗರದವ, ಬಾಗಲಕೋಟೆ

ನಾನು ಬಾಗಲಕೋಟೆಯಲ್ಲಿ ಎಸಿ, ಎಕ್ಸಾಸ್ಟ್, ಡಕ್ಟ್ ಕೆಲಸ ಮಾಡಿಸುತ್ತೇನೆ. ಇಂಥ ಹಾಲ್‌ಗಳನ್ನು ನಮ್ಮ ಕಡೆ ನೋಡುತ್ತಲೇ ಇರುತ್ತೇನೆ. ಮೇಲಿನ ಮಹಡಿ, ಮುಚ್ಚಿದ ಗಾಜು, ಎರಡು ಸ್ಪ್ಲಿಟ್ ಎಸಿ. ಕೋಣೆ ತಂಪಾಯಿತು ಎಂದರೆ ಗಾಳಿಯೂ ಸರಿ ಇದೆ ಎಂದು ಎಲ್ಲರೂ ತಿಳಿದುಕೊಳ್ಳುತ್ತಾರೆ. ಇವೆರಡೂ ಬೇರೆ ಬೇರೆ. ನಿಮ್ಮ ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಬೊಗಸೆ ಗಾಳಿಯನ್ನೂ ಒಳಗೆ ತರುವುದಿಲ್ಲ. ಹೊರಗಿನ ಡಬ್ಬಿಗೂ ಒಳಗಿನ ಡಬ್ಬಿಗೂ ನಡುವೆ ಇರುವುದು ಗ್ಯಾಸ್ ಓಡಾಡುವ ತಾಮ್ರದ ಪೈಪು, ವೈರು, ನೀರು ಇಳಿಯುವ ಕೊಳವೆ ಅಷ್ಟೇ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ವಾಪಸ್ ಬಿಡುತ್ತದೆ. ಬೆಳಿಗ್ಗೆ ನೀವು ಉಸಿರಾಡಿ ಬಿಟ್ಟದ್ದನ್ನೇ ಮಧ್ಯಾಹ್ನವೂ ಉಸಿರಾಡುತ್ತಿದ್ದೀರಿ.

ನೀವು ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು, ಲೆಕ್ಕ ಹಾಕಿಯೇ ನೋಡೋಣ. 30, 20, 10 ಅಡಿ ಎಂದರೆ 6,000 ಘನ ಅಡಿ, ಅಂದರೆ ಸುಮಾರು 170 ಘನ ಮೀಟರ್. ಕೂತು ಕೆಲಸ ಮಾಡುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾನೆ. 14 ಜನ ಸೇರಿದರೆ 250 ಲೀಟರ್ ಆಯಿತು. ಕೋಣೆ ಪೂರ್ತಿ ಮುಚ್ಚಿದ್ದರೆ ಒಂದೇ ಗಂಟೆಯಲ್ಲಿ ಸುಮಾರು 1,500 ಪಿಪಿಎಂ ಏರುತ್ತದೆ. ಪಿಪಿಎಂ ಎಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎಂದು. ಬಯಲಿನ ಗಾಳಿಯಲ್ಲಿ ಈಗ ಇರುವುದು 420ರ ಆಸುಪಾಸು. ಬಾಗಿಲು ತೆರೆದು ಮುಚ್ಚುವಾಗ, ಸಂದಿಗಳಿಂದ, ಒಂದಿಷ್ಟು ಗಾಳಿ ಬದಲಾಗುತ್ತದೆ, ಹಾಗಾಗಿ ನಿಜದಲ್ಲಿ ಇಷ್ಟು ಬೇಗ ಏರುವುದಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಹಾಲ್ 2,000 ದಾಟಿದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಎಷ್ಟಿದ್ದರೆ ಸರಿ? ಇದಕ್ಕೆ ಉತ್ತರ ಹೊಸದಲ್ಲ. 1858ರಲ್ಲೇ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ, ಜನ ಇರುವ ಕೋಣೆಯಲ್ಲಿ ಇದು ಸಾವಿರಕ್ಕೆ ಒಂದು ಪಾಲಿಗಿಂತ, ಅಂದರೆ 1,000 ಪಿಪಿಎಂಗಿಂತ, ಕಡಿಮೆ ಇರಬೇಕು ಎಂದು ಹೇಳಿದ್ದರು. ಇವತ್ತಿಗೂ ಬಹಳ ಜನ ಅದೇ ಗೆರೆ ಇಟ್ಟುಕೊಂಡಿದ್ದಾರೆ. ಒಂದು ಮಾತು ಸ್ಪಷ್ಟ ಇರಲಿ. 2,000 ಪಿಪಿಎಂ ವಿಷ ಅಲ್ಲ, ಹೆದರಬೇಡಿ. ಅದು ಗಾಳಿ ಬದಲಾಗುತ್ತಿಲ್ಲ ಎಂಬುದರ ಗುರುತು. ಅದು ಸೇರಿಕೊಳ್ಳುತ್ತಿದೆ ಎಂದರೆ ಮೈಯ ವಾಸನೆ, ಪ್ಲೈವುಡ್ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್, ಬಣ್ಣದ ಆವಿ, ಪ್ರಿಂಟರ್‌ನ ಸೂಕ್ಷ್ಮ ಕಣಗಳು, ಯಾರಿಗಾದರೂ ನೆಗಡಿ ಇದ್ದರೆ ಅದರ ಕ್ರಿಮಿ, ಎಲ್ಲವೂ ಅದರ ಜೊತೆಗೇ ಸೇರಿಕೊಳ್ಳುತ್ತಿವೆ. ಫಾರ್ಮಾಲ್ಡಿಹೈಡ್ ಬಿಸಿ ಜಾಸ್ತಿ ಆದಷ್ಟೂ ಜಾಸ್ತಿ ಹೊರಬರುತ್ತದೆ, ಕಣ್ಣು ಗಂಟಲು ಉರಿಸುತ್ತದೆ. ರಾತ್ರಿಯಿಡೀ ಎಸಿ ಆರಿಸಿ, ಮುಚ್ಚಿ, ಕಾದ ಸ್ಲ್ಯಾಬಿನ ಕೆಳಗೆ ಬಿಟ್ಟ ಹಾಲ್‌ನಲ್ಲಿ ಅದು ಎಷ್ಟು ತುಂಬಿರುತ್ತದೆ ಯೋಚಿಸಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಘಾಟು ಹೊಡೆಯುತ್ತದಾ? ಹೊಡೆದರೆ ಅದೇ ಇದು.

ಕಾರ್ಬನ್ ಡೈಆಕ್ಸೈಡ್ ಒಂದರಿಂದಲೇ ತಲೆ ಮಂಕಾಗುತ್ತದಾ ಎಂಬುದರ ಬಗ್ಗೆ ಇನ್ನೂ ವಾದ ಇದೆ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 22 ಜನರನ್ನು 600, 1,000, 2,500 ಪಿಪಿಎಂ ಇರುವ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಕೊಟ್ಟರು. ಪ್ರಮಾಣ ಏರಿದಂತೆ ತೀರ್ಮಾನ ತೆಗೆದುಕೊಳ್ಳುವ ಅಂಕ ಇಳಿಯಿತು. ಆಮೇಲೆ ನಡೆದ ಕೆಲವು ಪ್ರಯೋಗಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಹೊಸ ಗಾಳಿ ಕಡಿಮೆಯಾದ ಆಫೀಸಿನಲ್ಲಿ ತಲೆನೋವು, ಆಯಾಸ, ಕಣ್ಣುರಿ ಜಾಸ್ತಿ ಎಂಬುದರಲ್ಲಿ ಮಾತ್ರ ಅನುಮಾನ ಇಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ, ಯುರೋಪಿನಲ್ಲಿ ಇಂಧನ ಉಳಿಸಲು ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದರು. ಅದರ ಹಿಂದೆಯೇ ನೀವು ಬರೆದಿರುವಂಥ ದೂರುಗಳು ಬಂದವು. 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸಿಕ್ ಬಿಲ್ಡಿಂಗ್ ಸಿಂಡ್ರೋಮ್ ಎಂದು ಗುರುತಿಸಿತು. ಅದರ ಮುಖ್ಯ ಲಕ್ಷಣ ನೀವೇ ಬರೆದಿದ್ದೀರಿ. ಒಳಗಿದ್ದಾಗ ಬರುತ್ತದೆ, ಹೊರಗೆ ಬಂದರೆ ಹೋಗುತ್ತದೆ, ಒಬ್ಬರಿಗಲ್ಲ, ಬಹಳ ಜನಕ್ಕೆ.

ತೋರಿಸಿಕೊಡಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದು ಸಾಕು. ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್, ಅಂದರೆ ಇನ್‌ಫ್ರಾರೆಡ್ ಬೆಳಕಿನಿಂದ ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವ ಸೆನ್ಸರ್, ಇದೆಯಾ ನೋಡಿ. ಅಗ್ಗದ ಕೆಲವು ಡಬ್ಬಿಗಳು ಬೇರೆ ಏನನ್ನೋ ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ. ಬಯಲಿಗೆ ತಂದಾಗ 420ರ ಹತ್ತಿರ ಬಂದು ನಿಂತರೆ ನಂಬಬಹುದು. ಮೇಜಿನ ಮೇಲಿಡಿ, ಆದರೆ ಯಾರ ಮೂಗಿನ ಎದುರಿಗೂ ಬೇಡ. ಬೆಳಿಗ್ಗೆ, ಊಟಕ್ಕೆ ಮುಂಚೆ, ಸಂಜೆ ಬರೆದುಕೊಳ್ಳಿ. ಲೆಕ್ಕದವರು ನೀವು, ಅಂಕಿ ತೋರಿಸಿದರೆ ಮೇಲಿನವರಿಗೂ ಒಪ್ಪಿಗೆಯಾಗುತ್ತದೆ.

ಈಗ ರಿಮೋಟಿನ ಜಗಳ. ಗಾಜಿನ ಹತ್ತಿರ ಕೂರುವವರು ಸುಳ್ಳು ಹೇಳುತ್ತಿಲ್ಲ. ನೀವೂ ಹೇಳುತ್ತಿಲ್ಲ. ಮೈಗೆ ತಾಗುವ ಸೆಕೆ ಬರೀ ಗಾಳಿಯ ಉಷ್ಣತೆ ಅಲ್ಲ. ಡೆನ್ಮಾರ್ಕ್‌ನ ಓಲೆ ಫ್ಯಾಂಗರ್ 1970ರಲ್ಲಿ ಇದಕ್ಕೆ ಆರು ಅಂಶಗಳನ್ನು ಲೆಕ್ಕಕ್ಕೆ ತಂದರು: ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ ಗಾಜಿನಿಂದ ಬರುವ ಝಳ, ತೇವ, ಗಾಳಿಯ ವೇಗ, ತೊಟ್ಟ ಬಟ್ಟೆ, ಮಾಡುತ್ತಿರುವ ಕೆಲಸ. ಮಧ್ಯಾಹ್ನ ಮೂರಕ್ಕೆ ಆ ಪಶ್ಚಿಮದ ಗಾಜನ್ನು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಮೇಜು ಹತ್ತಿ ತಲೆ ಮೇಲಿನ ಸ್ಲ್ಯಾಬನ್ನೂ ಮುಟ್ಟಿ. ಅಲ್ಲಿ ಕೂತವರು ಒಲೆಯ ಪಕ್ಕ ಕೂತ ಹಾಗೆ. ಗಾಳಿಯನ್ನು 18ಕ್ಕೆ ಇಳಿಸಿದರೂ ಆ ಝಳ ನಿಲ್ಲುವುದಿಲ್ಲ, ಅಷ್ಟರಲ್ಲಿ ಎಸಿ ಕೆಳಗಿನವರಿಗೆ ಹೆಪ್ಪುಗಟ್ಟುತ್ತದೆ. ಝಳವನ್ನು ಬರುವ ಕಡೆಯೇ ತಡೆಯಬೇಕು. ಗಾಜಿಗೆ ಒಳಗಿನಿಂದ ಪರದೆ ಹಾಕಿದರೆ ಬಿಸಿ ಆಗಲೇ ಒಳಗೆ ಬಂದಿರುತ್ತದೆ. ಹೊರಗೆ ಬಿದಿರಿನ ಚಿಕ್ ಪರದೆಯೋ ಹಸಿರು ನೆಟ್ಟೋ ಕಟ್ಟಿಸಿ. ಮಾಳಿಗೆಗೆ ಬೇಸಿಗೆಗೆ ಮುಂಚೆ ದಪ್ಪಗೆ ಬಿಳಿ ಸುಣ್ಣ ಬಳಿಸಿ. ಇದು ನಮ್ಮ ಕಡೆ ಹಿರಿಯರು ಮಾಡುತ್ತಿದ್ದದ್ದೇ. ಬಿಳಿ ಮಾಳಿಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ, ಖರ್ಚು ಬಹಳ ಕಡಿಮೆ.

ಎಸಿಯನ್ನು 25 ಅಥವಾ 26ಕ್ಕೆ ಇಟ್ಟು, ಮೇಲಿನ ಸೀಲಿಂಗ್ ಫ್ಯಾನ್ ನಿಧಾನಕ್ಕೆ ಬಿಡಿ. ಗಾಳಿ ಆಡಿದರೆ ಎರಡು ಮೂರು ಡಿಗ್ರಿ ಜಾಸ್ತಿ ಇದ್ದರೂ ಮೈಗೆ ಹಿತವಾಗಿರುತ್ತದೆ. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟು ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಹೊಸ ರೂಮ್ ಎಸಿಗಳು ಆನ್ ಆದಾಗ 24ರಲ್ಲೇ ಶುರುವಾಗಬೇಕು ಎಂದು ನಿಯಮ ಬಂದದ್ದೂ ಇದಕ್ಕೇ.

ಹಳೇ ಗಾಳಿಯನ್ನು ಹೊರಗೆ ತಳ್ಳಲು ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಬೇಕಾದೀತು, ಅದರ ಖರ್ಚು ಈ ಉಳಿಕೆಯಿಂದಲೇ ಬಹಳಷ್ಟು ಹೊರಡುತ್ತದೆ ಎಂದು ಮೇಲಿನವರಿಗೆ ಹೇಳಿ. ಫ್ಯಾನ್ ವಿಷಯ ಮೀಟರ್ ಅಂಕಿ ಬಂದಮೇಲೆ ಬರೆಯುತ್ತೇನೆ.


ಟಿಳಕವಾಡಿ, ಬೆಳಗಾವಿ

ಅಕ್ಕ, ಶಾಲು ಹೊದ್ದು ಕೂರುವ ಮಾತು ಓದಿ ನನ್ನ ಆಫೀಸೇ ಕಣ್ಣೆದುರು ಬಂತು. 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ವಿಜ್ಞಾನಿಗಳು ಒಂದು ವಿಷಯ ತೋರಿಸಿದರು. ಆಫೀಸಿನ ಉಷ್ಣತೆ ಲೆಕ್ಕ ಹಾಕುವ ಪದ್ಧತಿಯಲ್ಲಿ ಮೈ ಹುಟ್ಟಿಸುವ ಬಿಸಿಯ ಅಂಕಿ 40 ವರ್ಷದ, 70 ಕಿಲೋ ತೂಕದ ಗಂಡಸಿನದ್ದು. ಹೆಂಗಸರ ಮೈ ಕೂತು ಕೆಲಸ ಮಾಡುವಾಗ ಅಷ್ಟು ಬಿಸಿ ಹುಟ್ಟಿಸುವುದಿಲ್ಲ. ಹಾಗಾಗಿ ನಮಗೆ ಚಳಿ ಆಗುವುದು ನಾಜೂಕಿನ ಮಾತಲ್ಲ. ಇದನ್ನು ನಾನು ನಮ್ಮ ಮೀಟಿಂಗ್‌ನಲ್ಲಿ ಹೇಳಿದಮೇಲೆ ರಿಮೋಟ್ ಯಾರ ಕೈಗೂ ಸಿಗದ ಹಾಗೆ ಗೋಡೆಗೆ ಹಾಕಿ, ಎಸಿಯ ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿದರು. ತಣ್ಣನೆ ಗಾಳಿ ತಾನೇ ಕೆಳಗೆ ಇಳಿಯುತ್ತದೆ, ನೇರ ಕತ್ತಿಗೆ ಬೀಸುವುದು ತಪ್ಪುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಇವತ್ತೇ ಮಾಡಿ.

ಪ್ರಿಂಟರ್ ಲೇಸರ್ ಆಗಿದ್ದರೆ ಬೆನ್ನ ಹಿಂದಿನಿಂದ ತೆಗೆಸಿ. ಅದು ಓಡುವಾಗ ಬಹಳ ಸಣ್ಣ ಕಣಗಳು ಬರುತ್ತವೆ, ಹಳೆಯ ಮಾಡೆಲ್‌ಗಳಲ್ಲಿ ಓಝೋನ್ ಕೂಡ. ಉತ್ತರದ ಕಿಟಕಿ ಪಕ್ಕ ಅಥವಾ ಕಾರಿಡಾರ್‌ನಲ್ಲಿ ಇಡಿ. ಹಾಳೆ ತರಲು ಎದ್ದು ನಾಲ್ಕು ಹೆಜ್ಜೆ ನಡೆದ ಹಾಗೂ ಆಗುತ್ತದೆ.

ಮನಿ ಪ್ಲಾಂಟ್ ಇರಲಿ, ಕಣ್ಣಿಗೆ ತಂಪು. ಆದರೆ ಅದರಿಂದ ಗಾಳಿ ಶುದ್ಧ ಆಗುತ್ತದೆ ಎಂಬ ಮಾತು ಬಂದದ್ದು 1989ರ ನಾಸಾ ಪ್ರಯೋಗದಿಂದ, ಅದು ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದ್ದು. 2019ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದವರು, ಸಾಮಾನ್ಯ ಕಟ್ಟಡದಲ್ಲಿ ಗಾಳಿ ಬದಲಾಗುವುದಕ್ಕೆ ಸರಿಸಮ ಆಗಬೇಕಾದರೆ ಒಂದೊಂದು ಚದರ ಮೀಟರಿಗೆ ಕಡಿಮೆ ಅಂದರೂ ಹತ್ತು ಗಿಡ ಬೇಕು ಎಂದರು. ನಿಮ್ಮ ಹಾಲ್‌ಗೆ ಅದು ಐದುನೂರು ಕುಂಡ ದಾಟುತ್ತದೆ.

ನಮ್ಮ ಊರಿನ ತೊಂದರೆ ನಿಮ್ಮದಕ್ಕೆ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಗೋಡೆಯೆಲ್ಲ ತೇವ. ನನ್ನ ಮೇಜಿನ ಹಿಂದಿನ ಗೋಡೆಯಲ್ಲಿ ಕಪಾಟು ಸರಿಸಿದಾಗ ಅಂಗೈ ಅಗಲದ ಕರಿ ಬೂಸ್ಟು ಕಾಣಿಸಿತು. ಅಷ್ಟು ದಿನದ ನನ್ನ ಸೀನು, ಕೆಮ್ಮಿಗೆ ಕಾರಣ ಅಲ್ಲೇ ಇತ್ತು. ತೇವ, ಬೂಸ್ಟು ಇರುವ ಕಟ್ಟಡಗಳಲ್ಲಿ ಉಸಿರಾಟದ ತೊಂದರೆ, ಅಸ್ತಮಾ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಪೂರ್ತಿ ಮಾರ್ಗಸೂಚಿ ಹೊರಡಿಸಿದೆ. ನಮ್ಮಲ್ಲಿ ಮೊದಲು ಮೇಲಿಂದ ಬಣ್ಣ ಬಳಿದರು, ಒಂದೇ ಮಳೆಗಾಲದಲ್ಲಿ ಮತ್ತೆ ಬಂತು. ಆಮೇಲೆ ಹೊರಗಿನ ಪೈಪಿನ ಸೋರಿಕೆ ಹುಡುಕಿ ನಿಲ್ಲಿಸಿದಮೇಲೆ ನಿಂತಿತು. ನಿಮ್ಮ ಎಸಿಯ ನೀರಿನ ಕೊಳವೆ ಗೋಡೆಯೊಳಗೆ ಸೋರುತ್ತಿದೆಯಾ ಒಮ್ಮೆ ನೋಡಿಸಿ, ಫಿಲ್ಟರ್ ಜಾಳಿಗೆಯನ್ನೂ ಬಿಚ್ಚಿಸಿ ತೊಳೆಸಿ.


ಇಳಕಲ್ಲಿನವ

ಗಾಳಿಯ ಮಾತು ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಗಾಳಿಯ ಮೇಲೆ ಹಾಕಬೇಡಿ, ಬೆಳಕನ್ನೂ ನೋಡಿ. ನಮ್ಮದು ನೇಕಾರರ ಮನೆ. ಅಪ್ಪ ಮಗ್ಗ ಹೂಡುವಾಗ ಮೊದಲು ನೋಡುತ್ತಿದ್ದದ್ದು ಬೆಳಕು ಯಾವ ಪಕ್ಕದಿಂದ ಬರುತ್ತದೆ ಎಂದು. ಎಳೆ ಕಾಣಬೇಕು, ಕಣ್ಣಿಗೆ ಕುಕ್ಕಬಾರದು. ಕಂಪ್ಯೂಟರ್‌ಗೂ ಅದೇ. ಪಶ್ಚಿಮದ ಗಾಜು ಕಂಪ್ಯೂಟರ್ ಪರದೆಯ ಹಿಂದೆ ಇದ್ದರೆ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ, ಬೆನ್ನ ಹಿಂದೆ ಇದ್ದರೆ ಪರದೆಯಲ್ಲಿ ಹೊಳೆಯುತ್ತದೆ. ಕಿಟಕಿ ಎಡಕ್ಕೋ ಬಲಕ್ಕೋ ಬರುವಂತೆ ಮೇಜು ತಿರುಗಿಸಿ. ಕಾಗದದ ಲೆಕ್ಕಕ್ಕೆ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕು ಬೇಕು, ಲಕ್ಸ್ ಎಂದರೆ ಬೆಳಕು ಅಳೆಯುವ ಮಾನ. ಮೊಬೈಲ್ ಆ್ಯಪ್‌ನಲ್ಲಿ ಅಂದಾಜು ಸಿಗುತ್ತದೆ.

ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ. ಅದರ ಮೇಲೆ ವಿಜಯಪುರದ ಬೇಸಿಗೆಯ ಒಣ ಹವೆ, ಅದನ್ನು ಎಸಿ ಇನ್ನಷ್ಟು ಒಣಗಿಸುತ್ತದೆ. ಕಣ್ಣುರಿ ಬರದೆ ಏನು? 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ ಎನ್ನುತ್ತಾರೆ ಕಣ್ಣಿನ ಡಾಕ್ಟರ್‌ಗಳು. ನೀರು ಕುಡೀರಿ ಎಂದು ನಿಮ್ಮ ಮೇಲಿನವರು ಹೇಳಿದ್ದೂ ಸುಳ್ಳಲ್ಲ, ಅದೊಂದೇ ಸಾಲದು ಅಷ್ಟೇ. ರಜೆ ದಿನವೂ ತಲೆನೋವು ಬರಲು ಶುರುವಾದರೆ ಅಥವಾ ವಾಂತಿ, ಕಣ್ಣು ಮಂಜು ಏನಾದರೂ ಆದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮತ್ತೆ ಆ ಮಾತ್ರೆ. ವಾರದಲ್ಲಿ ಹೆಚ್ಚು ದಿನ ತೆಗೆದುಕೊಂಡರೆ ಮಾತ್ರೆಯೇ ತಲೆನೋವು ತರುತ್ತದೆ, ನಿಮ್ಮ ಪಕ್ಕದವರಿಗೆ ದಯವಿಟ್ಟು ಹೇಳಿ.


ಲೆಕ್ಕದಮೇಜು, ವಿಜಯಪುರ

ಎಲ್ಲರಿಗೂ ತುಂಬಾ ಧನ್ಯವಾದ. ನವನಗರದವರೇ, ನಿಮ್ಮ ಲೆಕ್ಕ ಓದಿದಮೇಲೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಪರಿಚಯದವರಿಂದ ಮೀಟರ್ ತಂದೆ. ಮೊದಲು ಮಾಳಿಗೆ ಮೇಲೆ ಇಟ್ಟೆ, 430 ತೋರಿಸಿತು. ಹಾಲ್‌ನಲ್ಲಿ ಬೆಳಿಗ್ಗೆ ಎಲ್ಲರೂ ಬರುವ ಮುಂಚೆ 560. ಹನ್ನೊಂದೂವರೆಗೆ 1,700. ಊಟಕ್ಕೆ ಏಳುವ ಹೊತ್ತಿಗೆ 2,300. ನಾನು ಏನೂ ಹೇಳದೆ ಮೀಟರನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಅಂಕಿ ಏರುವುದನ್ನು ನೋಡಿ ಎಲ್ಲರೂ ಒಬ್ಬೊಬ್ಬರೇ ಹತ್ತಿರ ಬಂದರು.

ಊಟದ ಹೊತ್ತಿನಲ್ಲಿ ಎಸಿ ಆರಿಸಿ, ಉತ್ತರದ ಎರಡೂ ಕಿಟಕಿ ತೆರೆದು, ಬಾಗಿಲಿಗೆ ಸ್ಟೂಲ್ ಅಡ್ಡ ಇಟ್ಟು ಹೋದೆವು. ವಾಪಸ್ ಬಂದಾಗ 700ಕ್ಕೆ ಇಳಿದಿತ್ತು. ಸೆಕೆ ಆಗಿತ್ತು ನಿಜ, ಆದರೆ ಎಸಿ ಹಾಕಿದಮೇಲೆ ಬೇಗ ತಂಪಾಯಿತು. ಆ ಮಧ್ಯಾಹ್ನ ಆಕಳಿಕೆ ಕಡಿಮೆ ಎಂದು ಬೇರೆಯವರೂ ಹೇಳಿದರು. ನನ್ನ ಪಕ್ಕದವರು ಡ್ರಾಯರ್ ತೆಗೆಯಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದಾಗ ಘಾಟು ಹೊಡೆಯುತ್ತದಾ ಎಂದು ಕೇಳಿದ್ದಿರಿ. ಹೌದು, ಹೊಡೆಯುತ್ತದೆ. ಪಾರ್ಟಿಷನ್ ಹತ್ತಿರ ಜಾಸ್ತಿ.

ಅಂಕಿ ಬರೆದ ಹಾಳೆ ತೋರಿಸಿದಮೇಲೆ ಮೇಲಿನವರು ಫ್ಯಾನ್ ಕೂರಿಸಲು ಒಪ್ಪಿದ್ದಾರೆ. ಪ್ರಿಂಟರ್ ಕಾರಿಡಾರ್‌ಗೆ ಹೋಯಿತು. ಈಗ ಪ್ರಶ್ನೆ ಇಷ್ಟು. ಫ್ಯಾನ್ ಎಷ್ಟು ದೊಡ್ಡದು, ಎಲ್ಲಿ? ಪೂರ್ವಕ್ಕೆ ಶೌಚಾಲಯದ ಗೋಡೆ ಮತ್ತು ಮೆಟ್ಟಿಲಿನ ಬಾಗಿಲು, ದಕ್ಷಿಣಕ್ಕೆ ಖಾಲಿ ಗೋಡೆ, ಅದರ ಕೆಳಗೆ ನೆಲದ ಮೇಲೆ ಜನರೇಟರ್. ಎಸಿ ಬದಲು ಕೂಲರ್ ಹಾಕಿದರೆ ಹೇಗೆ ಎಂದೂ ಒಬ್ಬರು ಕೇಳಿದರು.


ನವನಗರದವ, ಬಾಗಲಕೋಟೆ

ಬಹಳ ಒಳ್ಳೆ ಕೆಲಸ ಮಾಡಿದಿರಿ. 2,300ರಿಂದ 700ಕ್ಕೆ ಇಳಿಯಿತು ಎಂದರೆ ಆ ಎರಡು ಸಣ್ಣ ಕಿಟಕಿಗಳಿಗೆ ಸಾಕಷ್ಟು ಶಕ್ತಿ ಇದೆ.

ಒಬ್ಬೊಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಎಂದು ಇಟ್ಟುಕೊಳ್ಳಿ. 14 ಜನಕ್ಕೆ ಗಂಟೆಗೆ ಸುಮಾರು 500 ಘನ ಮೀಟರ್. ಇಷ್ಟು ಸಿಕ್ಕರೆ ನಿಮ್ಮ ಹಾಲ್ 900ರ ಸುತ್ತಮುತ್ತ ನಿಲ್ಲುತ್ತದೆ. ಫ್ಯಾನಿನ ಡಬ್ಬಿಯ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಎಂದು ಬರೆದಿರುತ್ತದೆ. ಕೂರಿಸಿದಮೇಲೆ ಜಾಳಿಗೆ, ಮುಚ್ಚಳದ ತಡೆಯಿಂದ ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೆ 700 ಇರುವುದನ್ನು ಕೊಂಡು ಸ್ಪೀಡ್ ರೆಗ್ಯುಲೇಟರ್ ಹಾಕಿಸಿ.

ಫ್ಯಾನನ್ನು ದಕ್ಷಿಣದ ಗೋಡೆಯ ಮೇಲ್ಭಾಗದಲ್ಲಿ ಕೂರಿಸಿ, ಗಾಳಿ ಹೊರಗೆ ಹೋಗುವ ಹಾಗೆ. ಅದನ್ನು ಎಂದೂ ಒಳಗೆ ಬೀಸುವಂತೆ ತಿರುಗಿಸಬೇಡಿ. ಕೆಳಗೆ ಜನರೇಟರ್ ಇದೆ, ಅದರ ಹೊಗೆ, ಕಾರ್ಬನ್ ಮೊನಾಕ್ಸೈಡ್ ಒಳಗೆ ಬಂದರೆ ಅದು ನಿಜವಾದ ಅಪಾಯ. ಹೊಸ ಗಾಳಿ ಉತ್ತರದ ಕಿಟಕಿಯಿಂದ ಬರಲಿ. ಒಂದು ಕಿಟಕಿಯ ಗಾಜು ತೆಗೆಸಿ ತೊಳೆಯಬಹುದಾದ ಫಿಲ್ಟರ್ ಜಾಳಿಗೆ ಹಾಕಿಸಿದರೆ ಎರಿ ಮಣ್ಣಿನ ಧೂಳು ಬಹಳಷ್ಟು ಅಲ್ಲೇ ನಿಲ್ಲುತ್ತದೆ. ಉತ್ತರದಿಂದ ಬಂದ ಗಾಳಿ ಎಲ್ಲರ ಮೇಜು ದಾಟಿ ದಕ್ಷಿಣಕ್ಕೆ ಹೋಗಬೇಕು, ಅದಕ್ಕೇ ಎದುರು ಬದುರು ಗೋಡೆ. ಒಳಗೆ ಬರಲು ದಾರಿ ಇಲ್ಲದೆ ಬರೀ ಫ್ಯಾನ್ ಹಾಕಿದರೆ ಅದು ಶೌಚಾಲಯದ ಕಡೆಯಿಂದಲೇ ಗಾಳಿ ಎಳೆಯುತ್ತದೆ.

ಕೂಲರ್ ಕೇಳಿದವರ ಮಾತು ಸರಿ ಇದೆ. ಫೆಬ್ರವರಿಯಿಂದ ಮೇ ತನಕ ವಿಜಯಪುರದ ಒಣ ಹವೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಒಣ ಗಂಟಲಿಗೂ ಹಿತ. ಅದನ್ನು ಕಿಟಕಿಯ ಹೊರಗೆ ಕೂರಿಸಿದರೆ ಹೊಸ ಗಾಳಿಯನ್ನೇ ತಣಿಸಿ ಒಳಗೆ ಕಳಿಸುತ್ತದೆ, ಎದುರಿಗೆ ಗಾಳಿ ಹೊರಗೆ ಹೋಗಲು ದಾರಿ ಇರಬೇಕು ಅಷ್ಟೇ. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ಬರೀ ಜಿಗುಟು. ಎಸಿ ಮತ್ತು ಕೂಲರ್ ಒಟ್ಟಿಗೆ ಹಾಕಬೇಡಿ. ನಮ್ಮ ಕಡೆಯ ನೀರಿಗೆ ಪ್ಯಾಡ್ ಮೇಲೆ ಬೇಗ ಉಪ್ಪು ಕಟ್ಟುತ್ತದೆ, ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ತಿಕ್ಕಬೇಕು, ಇಲ್ಲದಿದ್ದರೆ ಸೊಳ್ಳೆ, ವಾಸನೆ. ಈ ಕೆಲಸ ಯಾರದ್ದು ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಮಾತ್ರ ಕೊಳ್ಳಿ.

ಪ್ಲೈವುಡ್ ಘಾಟಿಗೆ, ಬೆಳಿಗ್ಗೆ ಕಸ ಗುಡಿಸುವವರು ಬಂದ ಕೂಡಲೇ ಫ್ಯಾನ್ ಹಾಕಿ ಕಿಟಕಿ ತೆರೆಯಲಿ. ನೀವು ಬರುವ ಹೊತ್ತಿಗೆ ರಾತ್ರಿಯ ಗಾಳಿ ಪೂರ್ತಿ ಹೊರಗೆ ಹೋಗಿರುತ್ತದೆ, ಆ ಹೊತ್ತಿನಲ್ಲಿ ಹೊರಗೆ ತಂಪೂ ಇರುತ್ತದೆ. ಪ್ಲೈವುಡ್‌ನ ಕತ್ತರಿಸಿದ ಅಂಚುಗಳು ಬೋಳಾಗಿದ್ದರೆ ಪಟ್ಟಿ ಹಚ್ಚಿ ಮುಚ್ಚಿಸಿ, ಆವಿ ಅಲ್ಲಿಂದಲೇ ಜಾಸ್ತಿ ಬರುತ್ತದೆ.

ಮುಂದೆ ಇನ್ನೂ ಜನ ಕೂರಿಸುವ ಯೋಚನೆ ಇದ್ದರೆ ಮೇಲಿನವರಿಗೆ ಇದನ್ನೂ ತಿಳಿಸಿ: 1948ರ ಕಾರ್ಖಾನೆ ಕಾಯ್ದೆಯಲ್ಲೇ ಗಾಳಿ ಮತ್ತು ಉಷ್ಣತೆಗೆ ಒಂದು ಕಲಂ, ಕಿಕ್ಕಿರಿದು ಕೂರಿಸುವುದಕ್ಕೆ ಒಂದು ಕಲಂ, ಬೆಳಕಿಗೆ ಒಂದು ಕಲಂ ಇಟ್ಟಿದ್ದರು. ಮಗ್ಗ, ಮಿಲ್ಲಿನ ಕೆಲಸಗಾರರಿಗೆ ಬೇಕಾದದ್ದು ಲೆಕ್ಕ ಬರೆಯುವವರಿಗೂ ಬೇಕು.

ಗೋಡೆ ಕೊರೆಯುವ ಮೊದಲು ಒಳಗೆ ವೈರಿಂಗ್ ಪೈಪ್ ಹೋಗಿದೆಯಾ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬೀಮ್‌ಗೆ ತಾಗಬಾರದು, ಅದರಿಂದ ಒಂದು ಗೇಣು ಕೆಳಗೆ ಗುರುತು ಮಾಡಿಸಿ. ಹೊರಗಡೆ ಮಳೆ ತಡೆಯುವ ಮುಚ್ಚಳ, ಗುಬ್ಬಿ ಪಾರಿವಾಳ ಗೂಡು ಕಟ್ಟದ ಹಾಗೆ ಜಾಲರಿ, ಎರಡೂ ಇರಲಿ. ಕೂರಿಸಿದಮೇಲೆ ಮಧ್ಯಾಹ್ನದ ಅಂಕಿ ಎಷ್ಟು ಬಂತು ಎಂದು ಇಲ್ಲಿ ಹಾಕಿ. 1,000ದ ಮೇಲೇ ಇದ್ದರೆ ಉತ್ತರದ ಎರಡನೇ ಕಿಟಕಿಗೂ ಜಾಳಿಗೆ ಹಾಕಿಸೋಣ.